ಕಿಟಕಿಯ ಗಾಜು

ಸವಣೂರಿನ ನನ್ನ ತವರುಮನೆಯ ಕಿಟಕಿಗಳಿಗೆ ಗಾಜೇ ಇರಲಿಲ್ಲ. ಕಟ್ಟಿಗೆಯ ಕದ, ಕಬ್ಬಿಣದ ಸರಳು, ಅಷ್ಟೆ. ಗಾಜು ನಡುಗುವ ಸದ್ದನ್ನು ನಾನು ಮೊದಲು ಕೇಳಿದ್ದು 2001ರಲ್ಲಿ, ಶಿಗ್ಗಾವಿ ತಾಲೂಕಿನಲ್ಲಿ, ಹೆದ್ದಾರಿಯ ಮಗ್ಗುಲಿಗಿದ್ದ ಶಾಲೆಯಲ್ಲಿ. ಪುಣೆ-ಬೆಂಗಳೂರು ರಸ್ತೆ ಅದು. ಆಗ ಅದರ ನಂಬರು 4. 2010ರಲ್ಲಿ ಹೆದ್ದಾರಿಗಳ ನಂಬರು ಬದಲಾದ ಮೇಲೆ 48.

ಎಂಟನೆಯ ತರಗತಿಯಲ್ಲಿ ಕಿಟಕಿಯ ಪಕ್ಕ ಕೂಡುತ್ತಿದ್ದ ಹುಡುಗಿಯೊಬ್ಬಳು ಉಕ್ತಲೇಖನದಲ್ಲಿ ದಿನಾ ತಪ್ಪುತ್ತಿದ್ದಳು. 'ಬಳೆ' ಎಂದರೆ 'ಮಳೆ', 'ಹಾಲು' ಎಂದರೆ 'ಕಾಲು'. ಎದ್ದು ನಿಲ್ಲಿಸಿದೆ; ಒಮ್ಮೆ ಕಿವಿಯನ್ನೂ ಹಿಂಡಿದೆ. "ಲಾರಿ ಬಂದಾಗ ಕೇಳಸೂದಿಲ್ರಿ ಅಕ್ಕೋರ" ಎಂದಳು. ನೆಪವೆಂದುಕೊಂಡೆ.

ಶಾಲೆಗಳ ಸುತ್ತ 100 ಮೀಟರಿನಲ್ಲಿ ಹಗಲು 50 ಡೆಸಿಬೆಲ್ ಮೀರಬಾರದೆಂಬ ನಿಯಮ 2000ದಲ್ಲೇ ಬಂದಿತ್ತು. ಮಾಪಕ ಹಿಡಿದು ಬಂದವರೊಬ್ಬರು ಕಿಟಕಿ ಮುಚ್ಚಿಸಿ, ನನ್ನ ಮೇಜಿನ ಬಳಿ ನಿಂತು ಅಳೆದು, ಅಂಥಾದ್ದೇನೂ ಇಲ್ಲವೆಂದು ಹೋದರು. ಅಂಥ ಮಾಪಕ ನಮ್ಮ ಕಿವಿಯ ರೀತಿಯಲ್ಲೇ ದಪ್ಪ ದನಿಗೆ ಬೆಲೆ ಕಡಿಮೆ ಕಟ್ಟುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದೆ. 63 ಹರ್ಟ್ಸ್ ಸದ್ದಿನಲ್ಲಿ ಸುಮಾರು 26 ಡೆಸಿಬೆಲ್ ಕಳೆದೇ ಲೆಕ್ಕ ಹೇಳುತ್ತದಂತೆ. ಆರು ಸಿಲಿಂಡರಿನ ಲಾರಿಯ ಎಂಜಿನ್ನು ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 60 ಸಲ ಗುದ್ದುತ್ತದೆ. ಮಾಪಕ ಕಳೆದುಬಿಡುವ ಆ ದನಿಯೇ ಗಾಜನ್ನು ಹಿಡಿದು ಅಲುಗಿಸುವುದು.

ನಾನು ಅಳೆದ ರೀತಿಗೆ ಓದುಗರು ನಗಬಹುದು. ಹುಡುಗನೊಬ್ಬನಿಂದ ಕಸಿದಿಟ್ಟ ಜಾತ್ರೆಯ ಲೇಸರ್ ದೀಪವಿತ್ತು. ಒಡೆದ ಕನ್ನಡಿಯ ಚೂರನ್ನು ಗಾಜಿಗೆ ಅಂಟಿಸಿದೆ. ನಡುವೆ ಅಂಟಿಸಿದರೆ ಗಾಜು ಹಿಂದೆಮುಂದೆ ಸರಿಯುತ್ತದೆ, ವಾಲುವುದಿಲ್ಲ, ಅದಕ್ಕೇ ಅಂಚಿನತ್ತ. ಬೆಳಕನ್ನು ಅದರ ಮೇಲೆ ಬಿಟ್ಟರೆ ಎದುರು ಗೋಡೆಯಲ್ಲಿ ಜೋಳದ ಕಾಳಿನಷ್ಟು ಕೆಂಪು ಚುಕ್ಕೆ. ಲಾರಿ ಹಾಯ್ದಾಗ ಅದು ಅಲಸಂದಿ ಕಾಳಿನಷ್ಟು ಉದ್ದವಾಯಿತು. ಗ್ರಹಾಂ ಬೆಲ್ ಮತ್ತು ಟೇಂಟರ್ 1880ರಲ್ಲಿ ಮಾತಿಗೆ ನಡುಗುವ ಕನ್ನಡಿಯಿಂದ ಬಿಸಿಲನ್ನು ಹಾಯಿಸಿ 213 ಮೀಟರ್ ದೂರಕ್ಕೆ ದನಿ ಮುಟ್ಟಿಸಿದ್ದೂ ಇದೇ ಜಾಡಿನಲ್ಲಿ.

ಅಂದು ಆ ಹುಡುಗಿಯ ಜಾಗದಲ್ಲಿ ಕೂತು, ಅವಳ ಕೈಲಿ ಪುಸ್ತಕ ಕೊಟ್ಟು, ಮೇಜಿನ ಬಳಿಯಿಂದ ಓದಿಸಿದೆ. ಲಾರಿ ಬಂತು. ಕಿವಿಯ ಪಕ್ಕದಲ್ಲೇ ಗಾಜು ಚೌಕಟ್ಟಿಗೆ ಬಡಿದು ಗಿಲಿಗಿಲಿ ಎಂದಿತು. ಅವಳ ತುಟಿ ಆಡುತ್ತಿತ್ತು. ಶಬ್ದ ಯಾವುದೆಂದು ತಿಳಿಯಲಿಲ್ಲ. ನಾನು 'ಕೇರಿ' ಎಂದು ಬರೆದೆ. ಅವಳು ಓದಿದ್ದು 'ಕೆರೆ'.

ಗಾಜಿನ ಸಂದಿಗೆ ಸೈಕಲ್ ಟ್ಯೂಬಿನ ಪಟ್ಟಿ ತುರುಕಿ, ಅವಳ ಬೆಂಚನ್ನು ಒಳಗೋಡೆಗೆ ಸರಿಸಿದೆವು. ಗಿಲಿಗಿಲಿ ನಿಂತಿತು, ಗೋಡೆಯ ಚುಕ್ಕೆ ಮಾತ್ರ ಆಮೇಲೂ ನಡುಗುತ್ತಿತ್ತು. ಮುಂದಿನ ಉಕ್ತಲೇಖನದಲ್ಲಿ ಅವಳದು ಎರಡೇ ತಪ್ಪು. ಎರಡೂ ಒತ್ತಕ್ಷರದವು.