ಪಂಚಾಂಗವೂ ಅಡಿಗೆಮನೆಯೂ

ಕ್ರಿ.ಶ. 1025ರ ಸುಮಾರಿನಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕವಿಧಿಗೂ ಒಂದು ಸ್ಥಾನವುಂಟು, ಆದರೆ ಕನ್ನಡನಾಡಿನ ಮಾಧ್ವಗೃಹಗಳಲ್ಲಿ ಎಳೆಯರು ನಾಳಿನ ಅಡಿಗೆಯನ್ನು ಆಲೋಚಿಸಲು ಕಲಿತದ್ದು ಇಂತಹ ಗ್ರಂಥಗಳಿಂದಲ್ಲ, ಕಂಬದ ಮೊಳೆಗೆ ತೂಗುಬಿದ್ದ ಪಂಚಾಂಗದಿಂದ.

ಮೀಯದ ಮಗುವಿಗೆ ಮಡಿಯ ಅಡಿಗೆಮನೆಯ ಹೊಸ್ತಿಲು ನಿಷಿದ್ಧವಾಗಿದ್ದರೂ ಪಡಸಾಲೆಯ ಸಮಾಲೋಚನೆಗೆ ಅಂತಹ ನಿರ್ಬಂಧವಿರಲಿಲ್ಲ. ಅಕ್ಷರವರಿಯದ ಅಜ್ಜಿ “ನಾಳೆ ಯಾವ ತಿಥಿಯೋ ನೋಡು, ಮಗು” ಎಂದಾಗ, ಶಾಲೆಗೆ ಹೋಗುವ ಮೊಮ್ಮಗನೋ ಮೊಮ್ಮಗಳೋ ಓದಿ ಹೇಳಿದ ಒಂದು ಮಾತಿನ ಮೇಲೆ ಇಡೀ ಸಂಸಾರದ ಊಟ ನಿಂತಿರುತ್ತಿತ್ತು. ಏಕಾದಶಿಯೆಂದರೆ ಉಪವಾಸವಷ್ಟೇ ಅಲ್ಲ. ಮರುದಿನ ದ್ವಾದಶಿಯ ಪಾರಣೆಗೆ, ಎಂದರೆ ಉಪವಾಸ ಬಿಡುವ ಊಟಕ್ಕೆ, ಬೇಕಾದ ಅಗಸೆಸೊಪ್ಪನ್ನೂ ನೆಲ್ಲಿಕಾಯಿಯನ್ನೂ ಮುನ್ನವೇ ಒದಗಿಸಿಕೊಳ್ಳಬೇಕು, ದ್ವಾದಶಿಯಂದು ಕೀಳಬಾರದೆಂಬ ಕಾರಣದಿಂದ ತುಲಸಿಯನ್ನೂ ಮೊದಲೇ ಬಿಡಿಸಿಡಬೇಕು.

ಈ ಶಿಕ್ಷಣದ ನಿಜವಾದ ಪರೀಕ್ಷೆ, ತಿಂಗಳಿಗೊಂದರಂತೆ ನಾಲ್ಕು ಆಹಾರವ್ರತಗಳ ಚಾತುರ್ಮಾಸ್ಯದಲ್ಲಿ. ಆಷಾಢ ಶುಕ್ಲ ಏಕಾದಶಿಯ ಅನಂತರ ಒಂದು ತಿಂಗಳು ಶಾಕವ್ರತ. ಆ ಕಾಲದಲ್ಲಿ ಕಾಯಿಪಲ್ಯಗಳೊಡನೆ ಹುಣಿಸೆ, ಮೆಣಸಿನಕಾಯಿಗಳೂ ವರ್ಜ್ಯವಾಗಿ, ಹೆಸರುಬೇಳೆ, ಕರಿಮೆಣಸು, ಜೀರಿಗೆ, ಮಾವುಗಳೇ ಗತಿಯಾಗುತ್ತಿದ್ದುದರಿಂದ, ಆಷಾಢದ ಸಾರಿಗೆ ಹುಳಿ ಬೇಕಾದರೆ ವೈಶಾಖದ ಬಿಸಿಲಿನಲ್ಲಿಯೇ ಮಾವಿನಕಾಯಿಯ ಹೋಳುಗಳನ್ನು ಒಣಗಿಸಬೇಕೆಂಬುದು, ಕಾಗೆ ಮುಟ್ಟದಂತೆ ಅವಕ್ಕೆ ಕಾವಲು ಕುಳಿತ ಹುಡುಗನಿಗೆ ತಾನಾಗಿ ತಿಳಿಯುತ್ತಿತ್ತು. ಮುಂದಿನ ದಧಿವ್ರತದಲ್ಲಿ ಮೊಸರು ಸಲ್ಲದು, ಮಜ್ಜಿಗೆ ಸಲ್ಲುತ್ತದೆ; ಕ್ಷೀರವ್ರತದಲ್ಲಿ ಹಾಲು ಸಲ್ಲದು, ಮೊಸರು ಸಲ್ಲುತ್ತದೆ. ಈ ತರ್ಕ ದೊಡ್ಡವರಿಗೇ ತೊಡಕೆನಿಸುವಂತಹುದು. ಆದರೂ ಕ್ಷೀರವ್ರತದಲ್ಲಿ ಕರೆದ ಹಾಲಿಗೆಲ್ಲ ಹೆಪ್ಪು ಹಾಕಬೇಕೆಂಬ ಲೆಕ್ಕವನ್ನು ಎಂಟು ವರ್ಷದ ಹುಡುಗಿ ತಪ್ಪದೆ ಹೇಳಬಲ್ಲವಳಾಗಿದ್ದಳು. ಕೊನೆಯದಾದ ದ್ವಿದಳವ್ರತದಲ್ಲಿ ತೊಗರಿ, ಕಡಲೆ, ಉದ್ದು, ಹೆಸರುಗಳೆಲ್ಲ ಮೂಲೆ ಸೇರುತ್ತಿದ್ದುವು. ಬಹುಬೀಜವೆಂದು ಬದನೆಯೂ ಸೌತೆಯೂ ಬುಟ್ಟಿಯಿಂದ ಹೊರಬೀಳುತ್ತಿದ್ದುವು. ಸಂತೆಯಿಂದ ಬಂದ ತರಕಾರಿಯನ್ನು ಆರಿಸಿ ಬೇರ್ಪಡಿಸುವ ಅಧಿಕಾರ ಮಕ್ಕಳದಾದರೆ, ಅವರ ಗಾಂಭೀರ್ಯಕ್ಕೆ ಮಠದ ಪಾರುಪತ್ಯಗಾರನೂ ಸಾಟಿಯಲ್ಲ.

ಈ ಪದ್ಧತಿಯನ್ನು ಕೇವಲ ಹೊಗಳುವುದು ನ್ಯಾಯವಲ್ಲ. ಹುಡುಗನ ಕಲಿಕೆ ಬಹುಮಟ್ಟಿಗೆ ಪಂಚಾಂಗದಲ್ಲಿಯೇ ನಿಂತರೆ, ಹುಡುಗಿಯದು ಒಲೆಯವರೆಗೂ ಮುಂದುವರಿಯಿತು. ಯೋಜನೆಯಲ್ಲಿ ಇಬ್ಬರಿಗೂ ಪಾಲಿದ್ದರೂ ದುಡಿಮೆ ಹೆಂಗಸರ ಪಾಲಿಗೇ ಉಳಿಯಿತು.