ಗದ್ವಾಲದ ಅಂಚು ಹುಟ್ಟಿದ ಜೀವಕೋಶ: ಹೊಸ ಪ್ರೋಟೀನನ್ನು ಹಿಂಬಾಲಿಸಿದ ಚರಿತ್ರೆ

 

ನಾನು ಮಕ್ತಲ್ ಕಡೆಯವನು. ನಮ್ಮಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು. ಸೀರೆ ಕೊಳ್ಳಬೇಕಾದರೆ ಒಂದು ಕಡೆ ನಾರಾಯಣಪೇಟೆ, ಇನ್ನೊಂದು ಕಡೆ ಗದ್ವಾಲ. ಗದ್ವಾಲ ಸೀರೆಯ ಒಡಲು ಹತ್ತಿ ನೂಲಿನದು, ದಡಿ ಮತ್ತು ಸೆರಗು ರೇಷ್ಮೆಯವು. ಅಂಗಡಿಯವನ ಮಾತನ್ನು ನಮ್ಮಜ್ಜಿ ನಂಬುತ್ತಿರಲಿಲ್ಲ. "ದಡಿಯಾಗಿಂದು ಒಂದ್ ಎಳಿ ಸುಟ್ಟ್ ನೋಡಪಾ. ಕೂದ್ಲ ಸುಟ್ಟ ವಾಸ್ನಿ ಬಂದ್ರ ರೇಷ್ಮಿ, ಕಾಗದ ಸುಟ್ಟಂಗ ಬಂದ್ರ ನೂಲು" ಅನ್ನುತ್ತಿದ್ದಳು. ಅಜ್ಜಿ ಮಾಡುತ್ತಿದ್ದದ್ದು ಪ್ರೋಟೀನಿನ ಪರೀಕ್ಷೆಯೇ. ಕೂದಲೂ ಪ್ರೋಟೀನು, ರೇಷ್ಮೆಯೂ ಪ್ರೋಟೀನು. ಹತ್ತಿ ಸೆಲ್ಯುಲೋಸು, ಅಂದ್ರೆ ಸಕ್ಕರೆಯ ಕಣಗಳ ಸರಪಳಿ.

ಈ ಪ್ರಬಂಧದ ಮೊದಲ ಕರಡಿನಲ್ಲಿ ನಾನು "ಹುಳು ರೇಷ್ಮೆ ಮಾಡುತ್ತದೆ" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ನನ್ನ ಮಾರ್ಗದರ್ಶಕರು ಅದರ ಕೆಳಗೆ ಗೆರೆ ಎಳೆದು, "ಹುಳುವಿನ ಯಾವ ಕೋಶ? ಅದು ಗೊತ್ತಾದದ್ದು ಹೇಗೆ?" ಅಂತ ಬರೆದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಇವತ್ತಿನ ಮಾತು ಆ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಹೋದದ್ದು.

ಮೊದಲು ಹಿನ್ನೆಲೆ ನೋಡೋಣ. ದೊಡ್ಡವರ ದೇಹದಲ್ಲಿ ಪ್ರೋಟೀನು ಕಟ್ಟಿದ ಮನೆಯಂತೆ ನಿಂತಿರುತ್ತದೆ, ಆಹಾರ ಬರೀ ಉರುವಲು ಎಂಬ ನಂಬಿಕೆ ಬಹುಕಾಲ ಇತ್ತು. ಜರ್ಮನಿಯಿಂದ 1933ರಲ್ಲಿ ಅಮೆರಿಕಕ್ಕೆ ಹೋದ ರುಡಾಲ್ಫ್ ಶೋನ್‌ಹೈಮರ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದರು. ಭಾರವಾದ ನೈಟ್ರೋಜನ್ 15 ಇರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಬೆಳೆದ ಇಲಿಗಳಿಗೆ ತಿನ್ನಿಸಿದರು. ಇಲಿಗಳ ತೂಕ ಏರಲಿಲ್ಲ. ಆದರೂ ಆ ನೈಟ್ರೋಜನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಅವುಗಳ ದೇಹದ ಪ್ರೋಟೀನಿನಲ್ಲೇ ಸಿಕ್ಕಿತು. ಮನೆ ನಿಂತಂತೆ ಕಂಡರೂ ಇಟ್ಟಿಗೆ ದಿನಾ ಬದಲಾಗುತ್ತಿತ್ತು! ಶೋನ್‌ಹೈಮರ್ 1941ರಲ್ಲಿ ತೀರಿಕೊಂಡರು. ಈ ವಿಚಾರದ ಅವರ ಪುಸ್ತಕ 1942ರಲ್ಲಿ ಬಂತು.

ಆದರೆ ಆ ಲೆಕ್ಕ ಅರೆದ ಅಂಗಾಂಶದ ಲೆಕ್ಕ. ಹಲವು ಬಗೆಯ ಕೋಶಗಳು ಒಂದೇ ಮೊತ್ತದಲ್ಲಿ ಸೇರಿಹೋಗಿದ್ದವು.

ಇದಕ್ಕೆ ಮುಂದಿನವರು ಕಂಡುಕೊಂಡ ದಾರಿ, ಒಂದೇ ಬಗೆಯ ಕೋಶ ತುಂಬಿರುವ ಅಂಗವನ್ನು ಆರಿಸಿಕೊಳ್ಳುವುದು. 1967ರಲ್ಲಿ ಜೇಮಿಸನ್ ಮತ್ತು ಜಾರ್ಜ್ ಪಲಾಡೆ ಗಿನಿ ಇಲಿಯ ಮೇದೋಜೀರಕ ಗ್ರಂಥಿಯ ತೆಳು ಹೋಳುಗಳಿಗೆ ವಿಕಿರಣಶೀಲ ಲ್ಯೂಸಿನ್ ಕೊಟ್ಟರು, ಅದೂ ಬರೀ 3 ನಿಮಿಷ. ಆಮೇಲೆ ಮಾಮೂಲಿ ಲ್ಯೂಸಿನ್ ಹಾಕಿ, ಗುರುತು ಹತ್ತಿದ ಪ್ರೋಟೀನು ಕೋಶದೊಳಗೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಹೊತ್ತು ಹೊತ್ತಿಗೆ ನೋಡಿದರು. ಪಲಾಡೆಗೆ 1974ರಲ್ಲಿ ನೊಬೆಲ್ ಬಂತು.

ಇಲ್ಲಿಗೆ ನಮ್ಮ ಹುಳು ಬರುತ್ತದೆ. ರೇಷ್ಮೆ ಹುಳುವಿನಲ್ಲಿ ಕೆಲಸ ಹಂಚಿಕೆಯಾಗಿದೆ. ಗ್ರಂಥಿಯ ಹಿಂಭಾಗದ ಕೋಶಗಳು ಫೈಬ್ರೋಯಿನ್ ಅನ್ನು, ಅಂದ್ರೆ ಎಳೆಯನ್ನು ಮಾಡುತ್ತವೆ. ನಡುಭಾಗದ ಕೋಶಗಳು ಸೆರಿಸಿನ್ ಎಂಬ ಅಂಟನ್ನು ಮಾಡುತ್ತವೆ. ಸೋಪು-ಸೋಡಾ ನೀರಿನಲ್ಲಿ ರೇಷ್ಮೆ ಕುದಿಸಿದಾಗ ಹೋಗುವುದು ಈ ಅಂಟು. ಮಗ್ಗಕ್ಕೆ ಏರುವ ಮೆದು ಎಳೆ ಹಿಂಭಾಗದ ಕೋಶಗಳದು. ಮಾರ್ಗದರ್ಶಕರ ಮೊದಲ ಪ್ರಶ್ನೆಗೆ ಉತ್ತರ ಇದೇ.

ಈ ಕೋಶಗಳು ಭ್ರೂಣಾವಸ್ಥೆಯ ನಂತರ ಒಡೆಯುವುದಿಲ್ಲ, ಬರೀ ಉಬ್ಬುತ್ತವೆ. ಒಳಗಿನ ಡಿಎನ್‌ಎ ಮಾತ್ರ ಲಕ್ಷಗಟ್ಟಲೆ ಪಟ್ಟು ಹೆಚ್ಚುತ್ತದೆ. ಹಾಗಾದರೆ ಫೈಬ್ರೋಯಿನ್ ಜೀನು ಒಂದೇ ವಿಶೇಷವಾಗಿ ಹೆಚ್ಚುತ್ತದೆಯೇ? ಬಾಲ್ಟಿಮೋರಿನ ಕಾರ್ನೆಗಿ ಸಂಸ್ಥೆಯಲ್ಲಿ ಯೋಶಿಯಾಕಿ ಸುಝುಕಿ ಮತ್ತು ಡೊನಾಲ್ಡ್ ಬ್ರೌನ್ 1972ರಲ್ಲಿ ಫೈಬ್ರೋಯಿನ್‌ನ ಸಂದೇಶವಾಹಕ ಆರ್‌ಎನ್‌ಎಯನ್ನು ಬೇರ್ಪಡಿಸಿದರು. ಅದೇ ವರ್ಷ ಗೇಜ್ ಜೊತೆ ಸೇರಿ, ಆ ಜೀನು ಹಾಗೆ ಹೆಚ್ಚುವುದಿಲ್ಲ ಅಂತ ತೋರಿಸಿದರು. ಇದ್ದದ್ದರಿಂದಲೇ ಕೋಶ ಅಷ್ಟು ಎಳೆ ತೆಗೆಯುತ್ತದೆ. ಫೈಬ್ರೋಯಿನ್‌ನಲ್ಲಿ ಗ್ಲೈಸಿನ್ ಮತ್ತು ಅಲನಿನ್ ಬಹಳ. ಅವನ್ನು ಹೊತ್ತು ತರುವ ಟಿಆರ್‌ಎನ್‌ಎಗಳೂ ಈ ಗ್ರಂಥಿಯಲ್ಲಿ ಹೆಚ್ಚಿರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ಅವರ ತಂಡ ಈ ಗ್ಲೈಸಿನ್ ಟಿಆರ್‌ಎನ್‌ಎ ಜೀನುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ಗದ್ವಾಲದ ಅಂಚಿನ ಚರಿತ್ರೆಯಲ್ಲಿ ನಾನು ಬೆಂಗಳೂರನ್ನು ಬರೀ ರೇಷ್ಮೆ ಮಾರುವ ಊರು ಅಂತ ಬರೆದಿದ್ದೆ. ಅದನ್ನು ತಿದ್ದಿದ್ದೇನೆ.

ಮಿದುಳಿನಲ್ಲಿ ಈ ಅನುಕೂಲ ಇಲ್ಲ, ಅಲ್ಲಿ ಹತ್ತಾರು ಬಗೆಯ ಕೋಶಗಳು ಹೆಣೆದುಕೊಂಡಿವೆ. 2006ರಲ್ಲಿ ಡೀಟರಿಷ್, ಟಿರೆಲ್, ಎರಿನ್ ಶೂಮನ್ ಮತ್ತು ಜೊತೆಗಾರರು ಮೆಥಿಯೋನಿನ್‌ನ ಒಂದು ನಕಲನ್ನು ಬಳಸಿದರು. ಅದಕ್ಕೊಂದು ಅಝೈಡ್ ಕೊಂಡಿ ಇರುತ್ತದೆ, ಹೊಸ ಪ್ರೋಟೀನಿಗೆ ಮಾತ್ರ ಅದು ಸೇರುತ್ತದೆ, ಆಮೇಲೆ ಕೊಂಡಿ ಹಿಡಿದು ಹೊರಗೆಳೆಯಬಹುದು. ಮುಂದೆ ಅಮೈನೋ ಆಮ್ಲವನ್ನು ಟಿಆರ್‌ಎನ್‌ಎಗೆ ಜೋಡಿಸುವ ಕಿಣ್ವವನ್ನೇ ಬದಲಿಸಿದರು. ಬದಲಾದ ಕಿಣ್ವ ಇರುವ ಕೋಶ ಮಾತ್ರ ನಕಲನ್ನು ಸ್ವೀಕರಿಸುತ್ತದೆ, ಪಕ್ಕದ ಕೋಶ ಮುಟ್ಟುವುದಿಲ್ಲ. 2017ರಲ್ಲಿ ಶೂಮನ್ ಅವರ ತಂಡ ಬದುಕಿರುವ ಇಲಿಯ ಮಿದುಳಿನಲ್ಲಿ, ಆರಿಸಿದ ನರಕೋಶಗಳಲ್ಲಷ್ಟೇ ಹೊಸ ಪ್ರೋಟೀನನ್ನು ಗುರುತಿಸಿತು. ಜಪಾನಿನ ತ್ಸುಕುಬಾದಲ್ಲಿ ತೆರಾಮೊಟೊ ಮತ್ತು ಕೊಜಿಮಾ ಇದೇ ಬಗೆಯ ಯುಕ್ತಿಯನ್ನು ರೇಷ್ಮೆ ಹುಳುವಿಗೆ ತಂದರು. ಬದಲಾದ ಕಿಣ್ವವನ್ನು ಗ್ರಂಥಿಯ ಹಿಂಭಾಗದಲ್ಲಿ ಮಾತ್ರ ಇರಿಸಿ, ಮೇವಿನಲ್ಲಿ ನಕಲನ್ನು ಬೆರೆಸಿ, ಕೊಂಡಿ ಇರುವ ರೇಷ್ಮೆಯನ್ನೇ ಪಡೆದರು.

ಇನ್ನು ಚರಿತ್ರೆಯ ವಿದ್ಯಾರ್ಥಿಯಾಗಿ ಒಂದು ಮಾತು. ಈ ಎಲ್ಲ ವಿಧಾನಗಳಲ್ಲಿ ಒಂದು ಷರತ್ತು ಸಮಾನ: ಗುರುತು ಹಾಕಬೇಕಾದದ್ದು ಪ್ರೋಟೀನು ಹುಟ್ಟುವಾಗಲೇ. ಆಮೇಲೆ ಬಂದವರಿಗೆ ಮೊತ್ತ ಸಿಗುತ್ತದೆ, ಯಾರು ಮಾಡಿದರು ಅನ್ನೋದು ಸಿಗಲ್ಲ. ಗದ್ವಾಲ 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು, ಆಮೇಲೆ ಮಹಬೂಬನಗರಕ್ಕೆ ಸೇರಿತು. ಜಿಲ್ಲೆಯ ಮೊತ್ತದ ಅಂಕಿಗಳನ್ನಷ್ಟೇ ಇಟ್ಟುಕೊಂಡು ಕೂತರೆ ಯಾವ ಮನೆ ಯಾವ ದಡಿ ನೇಯ್ದಿತು, ಮಗ್ಗದ ಮುಂದೆ ಯಾವ ಮಾತು ನಡೆಯಿತು ಅನ್ನೋದು ಕಾಣುವುದಿಲ್ಲ. ಅದು ಶೋನ್‌ಹೈಮರ್ ಅವರ ಅರೆದ ಅಂಗಾಂಶದಂತೆಯೇ.

ಕೊನೆಯಲ್ಲಿ ಒಬ್ಬ ಗೆಳತಿ ಕೇಳಿದರು: "ಇದರಿಂದ ನಮ್ಮ ನೇಕಾರರಿಗೆ ಏನು ಸಿಗುತ್ತದೆ?"

ಸುಳ್ಳು ಹೇಳಲಾರೆ. ತ್ಸುಕುಬಾದ ಎಳೆಯಿಂದ ಅವರ ಕೂಲಿ ಏರುವುದಿಲ್ಲ. ನಾನು ಮಾಡಬಹುದಾದದ್ದು ಇಷ್ಟೇ. ಮಕ್ತಲ್, ನಾರಾಯಣಪೇಟೆ, ಗದ್ವಾಲದ ಹಿರಿಯ ನೇಕಾರರು ಇನ್ನೂ ಮಗ್ಗದ ಮುಂದಿದ್ದಾರೆ. ಅವರ ಮಾತನ್ನು ಅವರವರ ಭಾಷೆಯಲ್ಲೇ, ಮನೆ ಮನೆಯ ಲೆಕ್ಕದಲ್ಲಿ, ಈಗಲೇ ದಾಖಲಿಸಬೇಕು. ಅಜ್ಜಿಯ ಮಾತನ್ನು ನಾನು ದಾಖಲಿಸಲಿಲ್ಲ. ಮೇಲೆ ಬರೆದದ್ದು ನೆನಪಿನಿಂದ. ನನ್ನ ಮುಂದಿನ ಅಧ್ಯಾಯ ರಜೆಯಲ್ಲಿ ಆ ಮಗ್ಗಗಳ ಮುಂದೆ ಶುರುವಾಗುತ್ತದೆ. ಬರುವವರಿದ್ದರೆ ಹೇಳಿ, ಕೂಡಿ ಹೋಗೋಣ.