ಕಿರೀಟದಡಿಯ ಮೈಕು

ಪುತ್ತೂರು, ಸುಳ್ಯ, ಕಡಬದ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಅಡಿಕೆ ತೋಟವೋ ಗುಡ್ಡವೋ ಇದ್ದೇ ಇರುತ್ತದೆ. ಕರಪತ್ರ, ಜೀಪಿನ ಪ್ರಚಾರಗಳಿಲ್ಲದ ಕಾಲದಲ್ಲಿ ಇಂದು ಇಂಥಲ್ಲಿ ಆಟವಿದೆ ಎಂದು ಈ ಚದುರಿದ ಮನೆಗಳಿಗೆ ಸುದ್ದಿ ಮುಟ್ಟಿಸುತ್ತಿದ್ದುದು ಚೆಂಡೆ. ಸಂಜೆ ಕೇಳಿ ಬಾರಿಸಿದರೆ ಗುಡ್ಡದಾಚೆಗೂ ಕೇಳಿಸುತ್ತಿತ್ತು. ಜನ ಉಂಡು, ಸೂಟೆ ಹಿಡಿದು, ಗದ್ದೆಯ ದಾರಿ ಹಿಡಿಯುತ್ತಿದ್ದರು.

ಹೀಗೆ ಬಂದು ಕುಳಿತವರಿಗೆ ಬೆಳಗಿನವರೆಗೂ ಪದ ಮತ್ತು ಮಾತನ್ನು ಮುಟ್ಟಿಸುವುದು ಬರಿಯ ಕಂಠದ ಕೆಲಸವಾಗಿತ್ತು. ಮೈಕು ಇಲ್ಲದ ದಿನಗಳಲ್ಲಿ ಭಾಗವತರಾಗಲು ಏರು ಶ್ರುತಿಯಲ್ಲಿ ಗಂಟೆಗಟ್ಟಲೆ ಹಾಡುವ ತಾಕತ್ತು ಮೊದಲ ಅರ್ಹತೆ. ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದ ಬಲಿಪ ನಾರಾಯಣ ಭಾಗವತರ (1938-2023) ಏರುಕಂಠವನ್ನು ಕೇಳಿದವರಿಗೆ ಆ ಪರಂಪರೆ ಹೇಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ವೇಷಧಾರಿಗಳದೂ ಅದೇ ಪಾಡು. ಬಣ್ಣದ ವೇಷದ ಆರ್ಭಟೆ, ರಾಜವೇಷದ ಎಳೆದು ಆಡುವ ಮಾತು, ವಾಕ್ಯದ ಕೊನೆಯನ್ನು ಎತ್ತಿ ನಿಲ್ಲಿಸುವ ರೀತಿ, ಇವೆಲ್ಲ ಕೊನೆಯ ಸಾಲಿನವನಿಗೂ ಕೇಳಿಸಬೇಕೆಂಬ ಅಗತ್ಯದಲ್ಲಿ ಬೆಳೆದವೆಂದು ಊಹಿಸಲು ಅಡ್ಡಿಯಿಲ್ಲ.

ಧ್ವನಿವರ್ಧಕ ನಮ್ಮ ದೇಶದಲ್ಲಿ ಜನರ ನಡುವೆ ಬಂದದ್ದು ರಾಜಕೀಯ ಸಭೆಗಳ ಮೂಲಕ. ಸ್ವಾತಂತ್ರ್ಯ ಹೋರಾಟದ ಸಭೆಗಳ ಹಳೆಯ ಚಿತ್ರಗಳಲ್ಲಿ ನಾಯಕರ ಮುಂದೆ 'ಚಿಕಾಗೋ ರೇಡಿಯೊ' ಎಂದು ಬರೆದ ಮೈಕನ್ನು ನೋಡಬಹುದು. 1940ರಲ್ಲಿ ದೆಹಲಿಯಲ್ಲಿ ಹುಟ್ಟಿದ ಅಹುಜ ಕಂಪೆನಿಯ ಯಂತ್ರಗಳು ಮುಂದೆ ಹಳ್ಳಿಯ ಮದುವೆ ಚಪ್ಪರದವರೆಗೂ ತಲುಪಿದವು. ಕರಾವಳಿಯಲ್ಲಿ ಟೆಂಟು ಕಟ್ಟಿ, ಟಿಕೆಟು ಮಾರಿ ಆಡುವ ಡೇರೆ ಮೇಳಗಳು 1950ರ ದಶಕದ ನಂತರ ಬಲಿತಾಗ ಗ್ಯಾಸ್‌ಲೈಟಿನ ಜಾಗಕ್ಕೆ ವಿದ್ಯುದ್ದೀಪ ಬಂತು, ಅದರ ಜತೆಗೇ ಮೈಕೂ ಬಂತು. ಹಣ ಕೊಟ್ಟು ಕುರ್ಚಿಯಲ್ಲಿ ಕುಳಿತವನಿಗೆ ಮಾತು ಕೇಳಿಸದಿದ್ದರೆ ನಡೆಯುತ್ತದೆಯೆ?

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಭಾಗವತರು ಕುಳಿತು ಹಾಡುವವರು. ಅವರ ಮುಂದೆ ಒಂದು ಮೈಕು ನಿಲ್ಲಿಸಿದರೆ ಮುಗಿಯಿತು. ತಾಳಮದ್ದಳೆಯಲ್ಲಂತೂ ಅರ್ಥಧಾರಿಗಳೂ ಕುಳಿತೇ ಮಾತನಾಡುವುದರಿಂದ ತಲೆಗೊಂದು ಮೈಕು ಕೊಡಬಹುದು. ಪುತ್ತೂರು ಸೀಮೆಯಲ್ಲಿ ತಾಳಮದ್ದಳೆಗೆ ಇಷ್ಟು ಕೇಳುಗರಿರುವುದಕ್ಕೆ ಮೈಕಿನ ಉಪಕಾರವೂ ಸ್ವಲ್ಪ ಇದೆ ಎನ್ನಿಸುತ್ತದೆ. ಪಿಸುಮಾತಿನ ವ್ಯಂಗ್ಯವೂ ಅದರಲ್ಲಿ ಕೊನೆಯ ಸಾಲಿಗೆ ಮುಟ್ಟುತ್ತದೆ. ಆದರೆ ಆಟದಲ್ಲಿ ವೇಷಧಾರಿ ಕುಣಿಯುವವನು. ಅವನ ಕೈಯಲ್ಲಿ ಬಿಲ್ಲೋ ಗದೆಯೋ ಇರುತ್ತದೆ, ಮೈಕು ಹಿಡಿಯುವಂತಿಲ್ಲ. ಆದ್ದರಿಂದ ರಂಗಸ್ಥಳದ ಅಡ್ಡಕ್ಕೆ ಹಗ್ಗ ಕಟ್ಟಿ ಎರಡು ಮೂರು ಮೈಕುಗಳನ್ನು ತಲೆಯ ಮೇಲೆ ನೇತುಹಾಕುವ ಪದ್ಧತಿ ಬಂತು.

ನೇತಾಡುವ ಈ ಮೈಕು ಯಕ್ಷಗಾನದ ನಡೆಯನ್ನು ಸದ್ದಿಲ್ಲದೆ ತಿದ್ದಿತು. ಕುಣಿತ ಮುಗಿದೊಡನೆ ವೇಷಧಾರಿ ಮೈಕಿನ ಕೆಳಗೆ ಬಂದು ನಿಲ್ಲಬೇಕು. ಇಬ್ಬರ ಸಂವಾದವಾದರೆ ಇಬ್ಬರೂ ತಮ್ಮ ತಮ್ಮ ಮೈಕಿನ ಅಡಿಗೇ ಸಲ್ಲಬೇಕು. ಮುಖ ಎದುರಾಳಿಯ ಕಡೆಗಿರಬೇಕಾದಲ್ಲಿ ಮೇಲಕ್ಕೆತ್ತಿಕೊಂಡಿರುತ್ತದೆ. ಜತೆಗೆ ಲೆಕ್ಕವೂ ಅದರ ವಿರುದ್ಧವೇ. ಬಯಲಿನಲ್ಲಿ ಮೈಕು ಬಾಯಿಯಿಂದ ಎರಡು ಪಟ್ಟು ದೂರವಾದಂತೆಲ್ಲ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಹತ್ತು ಸೆಂಟಿಮೀಟರ್ ದೂರದಲ್ಲಿರಬೇಕಾದ ಮೈಕು ಒಂದು ಮೀಟರ್ ಮೇಲಿದ್ದರೆ ನಷ್ಟ 20 ಡೆಸಿಬೆಲ್. ಅದನ್ನು ತುಂಬಲು ಮೈಕಿನವರು ಗುಂಡಿ ತಿರುಗಿಸುತ್ತಾರೆ; ಆಗ ಬದಿಯಲ್ಲಿರುವ ಚೆಂಡೆಯೂ ಅದೇ ಮೈಕಿಗೆ ಬೀಳುತ್ತದೆ, ಇನ್ನೂ ಸ್ವಲ್ಪ ತಿರುಗಿಸಿದರೆ ಕುಂಯ್‌ಗುಡುತ್ತದೆ. ಆಟ ನೋಡುವವರಿಗೆಲ್ಲ ಪರಿಚಿತವಾದ ಸ್ವರವಿದು.

ಮೈಕನ್ನು ಮೈಮೇಲೇ ಕಟ್ಟಿಕೊಳ್ಳುವ ಉಪಾಯ ಹೊರದೇಶಗಳಲ್ಲಿ ಹಳತು. ಅಮೆರಿಕದ ಶೂರ್ ಕಂಪೆನಿ 1953ರಲ್ಲೇ 'ವ್ಯಾಗಬಾಂಡ್' ಎಂಬ ತಂತಿಯಿಲ್ಲದ ಮೈಕನ್ನು ಮಾರಾಟಕ್ಕಿಟ್ಟಿತು. ಒಂದು ಸಣ್ಣ ವೇದಿಕೆಯಾಚೆ ಅದು ಕೆಲಸ ಮಾಡುತ್ತಿರಲಿಲ್ಲ. 1964ರ 'ಮೈ ಫೇರ್ ಲೇಡಿ' ಚಿತ್ರದಲ್ಲಿ ನಟ ರೆಕ್ಸ್ ಹ್ಯಾರಿಸನ್, ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸಲು ಒಪ್ಪದೆ ಟೈಯೊಳಗೆ ಇಂಥ ಮೈಕನ್ನು ಅಡಗಿಸಿಕೊಂಡು ಹಾಡಿದ. ಪ್ರತಿ ಸಲವೂ ಒಂದೇ ರೀತಿ ಹೇಳಲಾರೆ ಎಂಬುದು ಅವನ ವಾದ. ನಮ್ಮ ಅರ್ಥಧಾರಿಗಳಿಗೆ ಈ ವಾದ ಚೆನ್ನಾಗಿ ಅರ್ಥವಾದೀತು. ರಂಗದಲ್ಲೇ ಹುಟ್ಟುವ ಅವರ ಮಾತಿಗೆ ಬರೆದಿಟ್ಟ ಪ್ರತಿಯಿಲ್ಲ. ಒಂದು ಮಾತು ಕೇಳಿಸದೆ ಹೋದರೆ ಅದು ಹೋದಂತೆಯೇ. ಕಾರ್ಡ್‌ಲೆಸ್ ಮೈಕಿನ ಪ್ರಶ್ನೆ ಯಕ್ಷಗಾನಕ್ಕೆ ಮುಖ್ಯವಾಗುವುದು ಇಲ್ಲಿ.

ಪುತ್ತೂರಿನಲ್ಲೇ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರು ತಮ್ಮ ಯಕ್ಷರಂಗದ ಪ್ರಯೋಗಗಳಲ್ಲಿ ಮಾತನ್ನೇ ಕೈಬಿಟ್ಟು ಹಾಡು ಕುಣಿತಗಳನ್ನು ಮಾತ್ರ ಉಳಿಸಿಕೊಂಡರು. ಅವರ ಕಾರಣಗಳು ಬೇರೆ. ಆದರೂ ನೇತಾಡುವ ಮೈಕಿನ ತೊಂದರೆಯಿಂದ ಪೂರ್ತಿ ಪಾರಾದ ಯಕ್ಷಗಾನ ಅದೊಂದೇ ಎಂದು ತಮಾಷೆಗೆ ಹೇಳಬಹುದು!

ಈಗೀಗ ಕೆಲವು ತಂಡಗಳು ವೇಷಧಾರಿಗೇ ಮೈಕು ಕಟ್ಟುತ್ತಿವೆ. ಸೊಂಟದಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪ್ರೇಷಕ, ಅದರಿಂದ ಹೊರಟ ಸಣ್ಣ ತಂತಿಯ ತುದಿಯಲ್ಲಿ ಮೈಕು, ರಂಗಸ್ಥಳದ ಪಕ್ಕದಲ್ಲಿ ಗ್ರಾಹಕ, ಇಷ್ಟೇ ಸಲಕರಣೆ. ಆದರೆ ನಾಟಕಕ್ಕೋ ಭಾಷಣಕ್ಕೋ ತಯಾರಾದ ಈ ವಸ್ತುವನ್ನು ತೆಂಕುತಿಟ್ಟಿನ ವೇಷಕ್ಕೆ ಹೊಂದಿಸುವುದು ಸುಲಭವಲ್ಲ. ವಿದೇಶದ ಸಂಗೀತ ನಾಟಕಗಳಲ್ಲಿ ಮೈಕನ್ನು ಕೆನ್ನೆಗೆ ಅಂಟಿಸುತ್ತಾರೆ, ಇಲ್ಲವೆ ಹಣೆಯ ಮೇಲೆ ಕೂದಲಂಚಿಗೆ ಸಿಕ್ಕಿಸುತ್ತಾರೆ. ಬಣ್ಣದ ವೇಷದ ಕೆನ್ನೆಯಲ್ಲಿ ಚುಟ್ಟಿ ಇರುವುದರಿಂದ ಅಲ್ಲಿ ಏನನ್ನೂ ಅಂಟಿಸಲಾಗದು. ಹಾಗಾಗಿ ಉಳಿಯುವ ಜಾಗ ಕಿರೀಟದ ಕೆಳಗಿನ ತಲೆಪಟ್ಟಿಯ ಅಂಚು, ಇಲ್ಲವೆ ಎದೆ. ಎದೆಯ ಮೇಲೆ ಆಭರಣ ಉಜ್ಜಿ ಸದ್ದಾಗುತ್ತದೆ. ಹಣೆಯ ಮೇಲೆ ಬೆವರು ಇಳಿದು ಮೈಕಿನ ಬಾಯಿ ಮುಚ್ಚುತ್ತದೆ. ಎರಡರಲ್ಲಿ ಹಣೆಯೇ ಮೇಲು. ಬಾಯಿಗೂ ಮೈಕಿಗೂ ಅಂತರ ಬದಲಾಗುವುದಿಲ್ಲ, ತಲೆ ಎತ್ತ ತಿರುಗಿದರೂ ಧ್ವನಿ ಒಂದೇ ಸಮ.

ಪ್ರೇಷಕದ ಜಾಗವೂ ಯೋಚಿಸಬೇಕಾದ್ದೆ. 600 ಮೆಗಾಹರ್ಟ್ಸ್ ಆಸುಪಾಸಿನ ಅಲೆಯ ಉದ್ದ ಅರ್ಧ ಮೀಟರು. ಅದಕ್ಕೆ ತಕ್ಕ ಆಂಟೆನಾ ಒಂದು ಗೇಣಿಗಿಂತ ಚಿಕ್ಕದು. ನೀರೇ ಹೆಚ್ಚಿರುವ ಮನುಷ್ಯನ ದೇಹ ಈ ಅಲೆಯನ್ನು ಹೀರುತ್ತದೆ, ಬೇಗಡೆಯ ಹಾಳೆ ಅದನ್ನು ತಡೆಯುತ್ತದೆ. ವೇಷದ ಆಭರಣಗಳೋ ಮರದ ಮೇಲೆ ಬೇಗಡೆ ಹಚ್ಚಿ ಮಾಡಿದವು. ಆಂಟೆನಾ ಮಡಿಚಿ ವೀರಕಾಸೆಯ ಬಿಗಿಯಲ್ಲಿ ಸಿಕ್ಕಿಕೊಂಡರೆ ಮಾತು ಅರ್ಧಕ್ಕೇ ತುಂಡಾಗುತ್ತದೆ. ಧೀಂಗಿಣಕ್ಕೆ ಹೆಸರಾದ ಪುತ್ತೂರು ಶ್ರೀಧರ ಭಂಡಾರಿಯವರಂಥ (ನಿಧನ 2021) ಕಲಾವಿದರ ಸುತ್ತನ್ನು ನೆನಪಿಸಿಕೊಂಡರೆ ಪೆಟ್ಟಿಗೆಯನ್ನು ಎಷ್ಟು ಭದ್ರವಾಗಿ ಕಟ್ಟಬೇಕೆಂದು ತಿಳಿಯುತ್ತದೆ. ಅಲ್ಲದೆ ಅದನ್ನು ಚೌಕಿಯಲ್ಲಿ ವೇಷ ಕಟ್ಟುವಾಗಲೇ ಇಡಬೇಕು. ದಾರ ಬಿಗಿದ ಮೇಲೆ ತೆಗೆಯುವಂತಿಲ್ಲ. ಪ್ರೇಷಕದ ಮಟ್ಟವನ್ನೂ ಅಲ್ಲೇ, ಆರ್ಭಟೆ ಕೊಡಿಸಿ, ಅದಕ್ಕೆ ತಕ್ಕಂತೆ ನಿಲ್ಲಿಸಿಕೊಳ್ಳಬೇಕು. ಮೆಲ್ಲಗೆ 'ಹಲೋ ಹಲೋ' ಎಂದು ನೋಡಿ ಬಿಟ್ಟರೆ ತೆರೆಯ ಹಿಂದಿನಿಂದ ಬರುವ ಮೊದಲ ಆರ್ಭಟೆಯೇ ಒಡೆದು ಕೇಳಿಸುತ್ತದೆ. ಇನ್ನು ಮೈಕು ತೆರೆದಿರುವುದನ್ನು ಮರೆತು ಚೌಕಿಗೆ ಮರಳಿದ ದೇವೇಂದ್ರ ಚಹಾ ಕೇಳಿದರೆ ಅದು ಇಡೀ ಗದ್ದೆಗೆ ಕೇಳೀತು.

ಗ್ರಾಹಕವನ್ನು ಆಂಪ್ಲಿಫಯರಿನ ಪಕ್ಕ ನೆಲದ ಮೇಲಿಡುವ ಅಭ್ಯಾಸ ಸಾಮಾನ್ಯ. ಜನರ ತಲೆಗಿಂತ ಎತ್ತರದಲ್ಲಿ, ವೇಷಧಾರಿ ಕಾಣುವಂತೆ, ಎಲ್‌ಇಡಿ ಪರದೆಗಳಿಂದ ದೂರದಲ್ಲಿಟ್ಟರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ. ನಾಲ್ಕಾರು ಮೈಕುಗಳಿದ್ದಾಗ ಅವುಗಳ ತರಂಗಾಂತರಗಳನ್ನು ಸಮ ಅಂತರದಲ್ಲಿ ಹಂಚುವುದು ತಪ್ಪು. 600 ಮತ್ತು 601ರಲ್ಲಿ ಎರಡು ಮೈಕುಗಳು ಒಟ್ಟಿಗೆ ನಡೆದರೆ 599 ಮತ್ತು 602ರಲ್ಲಿ ಕೇಳದ ಭೂತಗಳು ಹುಟ್ಟುತ್ತವೆ. ಮೂರನೆಯವನನ್ನು 602ಕ್ಕೆ ಕೂರಿಸಿದರೆ ಜಗಳ ಖಂಡಿತ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಪಟ್ಟಿ ಮೊಬೈಲ್ ಸೇವೆಗೆ ಹೋದ ಮೇಲೆ ಆ ಪಟ್ಟಿಯಲ್ಲಿ ನಡೆಯುತ್ತಿದ್ದ ಹಳೆಯ ಸೆಟ್ಟುಗಳು ಟವರಿನ ಹತ್ತಿರ ಕೈಕೊಡುವುದು ಸಹಜ. ಅಗ್ಗಕ್ಕೆ ಸಿಗುತ್ತದೆಂದು ಹಳೆಯ ಸೆಟ್ಟು ಕೊಳ್ಳುವವರು ಅದರ ಬೆನ್ನಿನ ಮೇಲೆ ಬರೆದ ಸಂಖ್ಯೆಯನ್ನು ಮೊದಲು ಓದುವುದು ಒಳ್ಳೆಯದು.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಕಾನೂನೇ ಅನಿರೀಕ್ಷಿತ ಸಹಾಯ ಮಾಡಿದೆ. ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ರಾಜ್ಯ ಸರ್ಕಾರ ರಿಯಾಯಿತಿ ಕೊಡಬಹುದು. ಈ ನಿಯಮದ ಬಿಸಿ ಮೇಳಗಳಿಗೂ ತಟ್ಟಿ ಕಾಲಮಿತಿ ಯಕ್ಷಗಾನ ಹೆಚ್ಚಿತು. 2022ರಲ್ಲಿ ಕಟೀಲು ಮೇಳಗಳಿಗೂ ಅದು ಬಂದಾಗ ಭಕ್ತರಿಂದ ಬಲವಾದ ವಿರೋಧವೇ ಎದ್ದಿತು. ಇಡೀ ರಾತ್ರಿಯ ಆಟಕ್ಕೆ ನಡುವೆ ಸೆಲ್ ಬದಲಿಸದೆ ವಿಧಿಯಿಲ್ಲ. ಕಾಲಮಿತಿಯ ಆಟಕ್ಕೆ ಒಂದು ಜೊತೆ ಸಾಕು. ಯಕ್ಷಗಾನವನ್ನು ಇಂದು ರಾತ್ರಿ ಹತ್ತಕ್ಕೆ ನಿಲ್ಲಿಸಲು ಹೊರಟಿರುವ ಕಾನೂನು ಮೈಕಿಗೆ ಮಾತ್ರವಲ್ಲ, ವಾದ್ಯಗಳಿಗೂ ಅನ್ವಯಿಸುತ್ತದೆ ಎಂಬುದನ್ನು ಈ ಚರ್ಚೆಯಲ್ಲಿ ಹಲವರು ಮರೆಯುತ್ತಾರೆ. ಮೈಕಿಲ್ಲದೆ ಬೆಳಗಿನವರೆಗೆ ಆಡುತ್ತೇವೆಂದು ಹೊರಡಲು ಬೇಕಾದ ಕಂಠ ಈಗ ಎಷ್ಟು ಜನರಲ್ಲಿದೆ ಎಂಬುದು ಬೇರೆ ಪ್ರಶ್ನೆ.

'ದೇವಿಮಹಾತ್ಮೆ'ಯ ಮಹಿಷಾಸುರ ಬರುವುದು ಪ್ರೇಕ್ಷಕರ ಬೆನ್ನ ಹಿಂದಿನಿಂದ. ದೀವಟಿಗೆಗೆ ರಾಳದ ಪುಡಿ ಎರಚಿದ ಬೆಂಕಿಯ ನಡುವೆ, ಜನರನ್ನು ಸೀಳಿಕೊಂಡು, ಧ್ವನಿವರ್ಧಕಗಳ ಎದುರಿನಿಂದಲೇ ಅವನು ರಂಗಸ್ಥಳಕ್ಕೆ ಏರಬೇಕು. ಅಲ್ಲಿ ಅವನ ಮೈಕು ತೆರೆದಿದ್ದರೆ ಕುಂಯ್‌ಗುಡುವ ಅಪಾಯವಂತೂ ಇದೆ. ಅದು ಆಗದಿದ್ದರೂ ಅವನ ಕೂಗು ಮುಂದಿನ ಪೆಟ್ಟಿಗೆಗಳಿಂದ ಬರುತ್ತದೆ, ಜನ ರಂಗಸ್ಥಳದ ಕಡೆಗೇ ನೋಡುತ್ತಾ ಕುಳಿತಿರುತ್ತಾರೆ. ಮೈಕು ಮುಚ್ಚಿದ್ದರೆ ಆರ್ಭಟೆ ಹಿಂದಿನ ಕತ್ತಲೆಯಿಂದ ಬಂದು ಕೊನೆಯ ಸಾಲಿನ ಮಕ್ಕಳು ಮೊದಲು ತಿರುಗುತ್ತಾರೆ, ಆಮೇಲೆ ಅವರ ಮುಂದಿನವರು.